ಇಪ್ಪತ್ತು ಜನರ ಗುಂಪು ಯಾಕೆ?

ಇಂಡಕ್ಷನ್ ಅಂದ್ರೆ ನಮ್ಮಲ್ಲಿ ಬಹಳ ಜನರಿಗೆ ನೆನಪಾಗೋದು ಆಡಿಟೋರಿಯಂ. ಪಕ್ಕದಲ್ಲಿ ಅಪ್ಪ-ಅಮ್ಮ, ಕೈಯಲ್ಲಿ ಮಾರ್ಕ್ಸ್ ಕಾರ್ಡ್ ತುಂಬಿದ ಫೈಲು, ವೇದಿಕೆ ಮೇಲೆ ಒಬ್ಬರಾದ ಮೇಲೊಬ್ಬರ ಭಾಷಣ. ಆದರೆ ಈ ಕಾರ್ಯಕ್ರಮ ರೂಪಿಸಿದವರ ತಲೆಯಲ್ಲಿದ್ದ ಮುಖ್ಯ ವಿಷಯ ಭಾಷಣ ಅಲ್ಲ.

ಗಾಂಧಿನಗರದ ಐಐಟಿ 2011ರಲ್ಲೇ ಹೊಸಬರಿಗಾಗಿ ಐದು ವಾರಗಳ ಫೌಂಡೇಶನ್ ಪ್ರೋಗ್ರಾಂ ಶುರು ಮಾಡಿತ್ತು. ಆಮೇಲೆ ಎಐಸಿಟಿಇ ತನ್ನ 2018ರ ಮಾದರಿ ಪಠ್ಯಕ್ರಮದಲ್ಲಿ ಮೂರು ವಾರಗಳ ಇಂಡಕ್ಷನ್ ಸೇರಿಸಿತು. ಆಟ, ಕಲೆ, ಊರು ಸುತ್ತೋದು, ಮೌಲ್ಯಗಳ ಚರ್ಚೆ ಅಂತ ಪಟ್ಟಿ ಉದ್ದ ಇದೆ. ಅದರೊಳಗೆ ಒಂದು ಸಣ್ಣ ಏರ್ಪಾಡಿದೆ: ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಮೇಷ್ಟ್ರು, ಜೊತೆಗೆ ಹತ್ತು ಜನಕ್ಕೊಬ್ಬ ಸೀನಿಯರ್. ಗುಂಪು ಒಂದೇ ಬ್ರಾಂಚಿನದಾಗಿರಲಿ, ಮೇಷ್ಟ್ರೂ ಅದೇ ಡಿಪಾರ್ಟ್‌ಮೆಂಟಿನವರಾಗಿರಲಿ, ಈ ನಂಟು ಓದು ಮುಗಿಯೋ ತನಕ ಇರಲಿ ಅನ್ನೋದು ಅಲ್ಲಿನ ಸಲಹೆ.

ಒಂದೇ ಬ್ರಾಂಚ್ ಯಾಕೆ ಅಂದ್ರೆ, ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಓಡಾಡುವಾಗ ಪಾಠ ಮಾಡೋರು ಹೆಚ್ಚಾಗಿ ಬೇರೆ ವಿಭಾಗದವರು. ನಮ್ಮ ಡಿಪಾರ್ಟ್‌ಮೆಂಟಿನ ಮೇಷ್ಟ್ರುಗಳ ಪರಿಚಯ ಸರಿಯಾಗಿ ಆಗೋದು ಮೂರನೇ ಸೆಮ್‌ನಲ್ಲಿ. ಅಷ್ಟರಲ್ಲಿ ಒಂದೆರಡು ಬ್ಯಾಕ್‌ಲಾಗ್ ಬಿದ್ದಿರುತ್ತೆ, ಮನೇಲಿ ಹೇಳೋಕೆ ಧೈರ್ಯ ಇರಲ್ಲ.

ಇನ್ನು ಇಪ್ಪತ್ತರ ಲೆಕ್ಕ. ನಮ್ಮ ಗುಂಪಲ್ಲಿ ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದ ಹುಡುಗನೊಬ್ಬ ಇದ್ದ. ಅರವತ್ತು ಜನರ ಕ್ಲಾಸಲ್ಲಿ ಬಾಯೇ ಬಿಡ್ತಿರಲಿಲ್ಲ. ಎಲ್ಲರೂ ಸುತ್ತ ಕೂತಿದ್ದ ಒಂದು ಸಂಜೆ ಮೇಡಂ ಕನ್ನಡದಲ್ಲೇ ಕೇಳಿದ್ರು: "ಹಾಸ್ಟೆಲ್ ಊಟ ಹೆಂಗಿದೆಯಪ್ಪಾ?" ಸಾರಿನಿಂದ ಶುರುವಾದ ಮಾತು ಸಿ ಪ್ರೋಗ್ರಾಮಿಂಗ್‌ಗೆ ಬಂತು. ಕಾಲೇಜಿಗೆ ಬರೋ ಮೊದಲು ಅವನು ಕೀಬೋರ್ಡ್ ಮುಟ್ಟಿರಲಿಲ್ಲ! ಪುಣ್ಯಕ್ಕೆ ಯಾರೂ ನಗಲಿಲ್ಲ. ಮಾರನೇ ದಿನದಿಂದ ಕ್ಲಾಸ್ ಮುಗಿದ ಮೇಲೆ ನಾವು ಮೂರು ಜನ ಅವನ ಜೊತೆ ಲ್ಯಾಬಲ್ಲಿ ಕೂತ್ವಿ. ಅವನಿಗೆ ಲೂಪ್ ವಿವರಿಸೋಕೆ ಹೋಗಿ, ನನಗೂ ಅದು ಅರ್ಧಂಬರ್ಧ ಗೊತ್ತಿದ್ದದ್ದು ಅಂತ ಗೊತ್ತಾಯ್ತು.

ಹಾಗಂತ ಎಲ್ಲ ಗುಂಪೂ ಹೀಗೆ ನಡೆಯಲ್ಲ. ಎಷ್ಟೋ ಕಡೆ ಮೂರು ವಾರ ಮೂರು ದಿನಕ್ಕೆ ಇಳಿಯುತ್ತೆ. ಪ್ರಾಕ್ಟರ್ ಅಂದ್ರೆ ಅಟೆಂಡೆನ್ಸ್ ಕಮ್ಮಿಯಾದಾಗ ಅಪ್ಪನಿಗೆ ಫೋನ್ ಮಾಡೋರು ಅಂತ ಆಗಿಬಿಡುತ್ತೆ. ಇದರಲ್ಲಿ ನಮ್ಮ ಪಾಲೂ ಇದೆ. ಸಹಿ ಬೇಕಾದಾಗ ಮಾತ್ರ ಸ್ಟಾಫ್ ರೂಂ ಬಾಗಿಲಲ್ಲಿ ನಿಂತ್ರೆ ಅವರಿಗೆ ನಮ್ಮ ಯುಎಸ್‌ಎನ್ ಬಿಟ್ಟು ಬೇರೇನು ಗೊತ್ತಿರುತ್ತೆ? ಮೊದಲ ಇಂಟರ್ನಲ್ಸ್ ಪೇಪರ್ ಕೈಗೆ ಬಂದ ದಿನ, "ಸರ್, ಇಲ್ಲಿ ಯಾಕೆ ಮಾರ್ಕ್ಸ್ ಹೋಯ್ತು?" ಅಂತ ಕೇಳೋಕಾದ್ರೂ ಹೋಗಿ. ಒಬ್ಬರೇ ಹೋಗೋಕೆ ಹೆದರಿಕೆ ಆದ್ರೆ ಇಬ್ಬರು ಹೋಗಿ.

ಇಂಡಕ್ಷನ್ ಪೂರ್ತಿ ತಪ್ಪಿಸಿಕೊಳ್ಳೋರೂ ಇದ್ದಾರೆ. ಸಿಇಟಿ ಕೊನೆ ರೌಂಡಲ್ಲಿ ಸೀಟು ಸಿಕ್ಕವರು ಬರೋ ಹೊತ್ತಿಗೆ ಗುಂಪುಗಳು ಆಗಲೇ ಗಟ್ಟಿಯಾಗಿರುತ್ತವೆ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬರೋರಿಗೆ ಫಸ್ಟ್ ಇಯರೇ ಇಲ್ಲ. ಸರ್ಕ್ಯೂಟ್ ಕಟ್ಟೋದರಲ್ಲಿ ನಮಗಿಂತ ಕೈ ಪಳಗಿದವರು ಅವರು, ಮ್ಯಾಥ್ಸಲ್ಲಿ ಮಾತ್ರ ಒದ್ದಾಡ್ತಾರೆ. ನಮ್ಮ ಕಥೆ ಉಲ್ಟಾ. ಮೂರನೇ ಸೆಮ್‌ನ ಲ್ಯಾಬ್ ಬ್ಯಾಚ್ ಮಾಡುವಾಗ ಹಿಂದಿನ ಬೆಂಚಲ್ಲಿ ಸುಮ್ನೆ ಕೂತಿರೋ ಅವರನ್ನೂ ಕರೀರಿ.