ತಿಗುಳ, ಅರವ, ತಮಿಳು: ಭಾಷೆಗೆ ನೆರೆಯವರಿಟ್ಟ ಹೆಸರು

ಒಂದು ಭಾಷೆಗೆ ಅದನ್ನಾಡುವವರ ಹೆಸರೊಂದು, ನೆರೆಯವರ ಹೆಸರು ಮತ್ತೊಂದು ಇರುವುದುಂಟು. ಕೋಲಾರದ ಚಿನ್ನದ ಗಣಿ ಹಾಗೂ ಬಂಗಾರಪೇಟೆಯ ಸೀಮೆಯಲ್ಲಿ ತಮಿಳೇ ಇದಕ್ಕೆ ನಿದರ್ಶನ. ತೆಲುಗರು ಅದನ್ನು ‘ಅರವ’ವೆಂದರು; ಕನ್ನಡಿಗರು ‘ತಿಗುಳ’ವೆಂದರು.

‘ತಿಗುಳ’ ಶಬ್ದವು ಪ್ರಾಚೀನವಾದುದು. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಗಂಗವಾಡಿಯಿಂದ ತಿಗುಳರನ್ನು ಅಟ್ಟಿದನೆಂದು ಶ್ರವಣಬೆಳಗೊಳದ ೧೨ನೆಯ ಶತಮಾನದ ಶಾಸನವು ಸಾರುತ್ತದೆ. ಅಲ್ಲಿ ತಿಗುಳರೆಂದರೆ ಚೋಳರ ಪಡೆ. ಅದು ಹಗೆಯ ಹೆಸರು. ಆದರೆ ಅದಕ್ಕೂ ಮೊದಲೇ ಕೋಲಾರಮ್ಮನ ಗುಡಿಯಲ್ಲಿ ಚೋಳರ ತಮಿಳು ಶಾಸನಗಳು ಕೆತ್ತಲ್ಪಟ್ಟಿದ್ದವು. ಆದುದರಿಂದ ಈ ನೆಲದಲ್ಲಿ ತಮಿಳು, ೧೮೮೦ರ ಬಳಿಕ ಗಣಿಗೆ ಬಂದ ಕೂಲಿಕಾರರೊಡನೆ ಮೊದಲು ಕಾಲಿಟ್ಟ ಭಾಷೆಯೆಂಬ ಮಾತು ನಿಲ್ಲದು.

ಪೋಲೆಂಡಿನ ಯೆಹೂದ್ಯರ ಭಾಷೆಯ ಕಥೆಯೂ ಇಂತಹುದೇ. ೧೯ನೆಯ ಶತಮಾನದಲ್ಲಿ ಪೋಲಿಷ್ ಬರಹಗಳು ಅದನ್ನು ‘ಝರ್ಗೊನ್’, ಅಂದರೆ ಕೆಟ್ಟ ಬೆರಕೆನುಡಿ, ಎಂದವು. ಯೆಹೂದ್ಯ ವಿದ್ಯಾವಂತರಲ್ಲಿಯೂ ಅನೇಕರು ಹಾಗೆಯೇ ಕರೆದರು. ೧೯೦೮ರ ಚೆರ್ನೊವಿಟ್ಸ್ ಸಮ್ಮೇಳನವು ಅದನ್ನು ಯೆಹೂದ್ಯರ ಒಂದು ರಾಷ್ಟ್ರೀಯ ಭಾಷೆಯೆಂದು ಘೋಷಿಸಿತು. ಇಂದಿನ ಪೋಲಿಷ್ ಪದ ‘ಯಿಡಿಶ್’; ಅದು ಆ ಜನರೇ ತಮ್ಮ ನುಡಿಗೆ ಇಟ್ಟ, ‘ಯೆಹೂದ್ಯ’ ಎಂಬರ್ಥದ ಹೆಸರು.

‘ತಿಗಳ’ವೆಂಬುದು ಈಗ ಬೆಂಗಳೂರು, ಕೋಲಾರಗಳ ಸುತ್ತಿನ ಒಂದು ಸಮುದಾಯದ ಹೆಸರೂ ಹೌದು. ಆದ್ದರಿಂದ ಶಾಸನಗಳ ‘ತಿಗುಳ’ವನ್ನು ಶಾಸನದ ಅರ್ಥದಲ್ಲಿಯೇ ಓದಬೇಕು. ೨೦೦೧ರಲ್ಲಿ ಗಣಿಗಳು ಮುಚ್ಚಿದವು; ಆ ನುಡಿ ಅಲ್ಲಿನ ಮನೆಗಳಲ್ಲಿ ಉಳಿದಿದೆ. ಅದನ್ನು ಆಡುವವರು ಕರೆಯುವಂತೆ ತಮಿಳೆಂದೇ ಬರೆಯುವುದು ಇತಿಹಾಸಕಾರರಾದ ನಮಗೆ ಉಚಿತ.