ನಿಮಗಿದು ಗೊತ್ತೆ? ಕಣ್ಣಿಗೆ ಬಿದ್ದದ್ದು ಬೇಗ ಮರೆಯದು

ಕೆನಡಾದ ಮನಶ್ಶಾಸ್ತ್ರಜ್ಞ ಲಯನೆಲ್ ಸ್ಟ್ಯಾಂಡಿಂಗ್ 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕೆಲವರಿಗೆ ಐದು ದಿನಗಳಲ್ಲಿ 10,000 ಚಿತ್ರಗಳನ್ನು ತೋರಿಸಲಾಯಿತು. ಬಳಿಕ ಹಳೆಯದೊಂದು, ಹೊಸದೊಂದು ಚಿತ್ರವನ್ನು ಜೋಡಿಯಾಗಿ ಮುಂದಿಟ್ಟು 'ನೋಡಿದ್ದು ಯಾವುದು?' ಎಂದು ಕೇಳಿದರೆ, ಶೇ. 83ರಷ್ಟು ಉತ್ತರಗಳು ಸರಿ! ಸಂತೆಯಲ್ಲಿ ಎದುರಾದವರ ಮುಖ ನೆನಪಿದ್ದು ಹೆಸರು ಮಾತ್ರ ನಾಲಿಗೆಗೆ ಬಾರದಿರುವುದು ನಮಗೆಲ್ಲ ಗೊತ್ತಿರುವುದೇ. ಚಿತ್ರ ಮನಸ್ಸಿನಲ್ಲಿ ಎರಡು ಬಗೆಯಲ್ಲಿ, ರೂಪವಾಗಿಯೂ ಮಾತಾಗಿಯೂ, ದಾಖಲಾಗುತ್ತದೆ ಎಂಬುದು ಮನಶ್ಶಾಸ್ತ್ರಜ್ಞ ಅಲನ್ ಪೈವಿಯೊ ಕೊಟ್ಟ ವಿವರಣೆ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಹೀಗೆ ಚಿತ್ರ ನೋಡಿ ಕಲಿಯುವುದಕ್ಕೂ ನಂಟಿದೆ. 2020ರ ಜೂನ್ 1ರಂದು ಕೇರಳದ 'ಕೈಟ್' ಸಂಸ್ಥೆ ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ಪಾಠಗಳನ್ನು ಆರಂಭಿಸಿತು. ಮಲಯಾಳದ ಜೊತೆಗೆ ಕನ್ನಡದ ವೀಡಿಯೊ ಪಾಠಗಳೂ ಬಂದವು. ಅದೇ ವರ್ಷದ ಹೊತ್ತಿಗೆ ಕೇರಳದಲ್ಲಿ 8ರಿಂದ 12ನೇ ತರಗತಿಯ 45,000 ಕೊಠಡಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ತಲುಪಿದ್ದವು.

ಆದರೆ ಪರದೆ ಇದ್ದ ಮಾತ್ರಕ್ಕೆ ಪಾಠ ತಲೆಗೆ ಹೋಗದು. ಚಿತ್ರ ತೋರಿಸಿ ಬಾಯಲ್ಲಿ ವಿವರಿಸುವಾಗ, ಅದೇ ವಾಕ್ಯಗಳನ್ನು ಪರದೆಯ ಮೇಲೂ ತುಂಬಿದರೆ ಕಲಿಕೆ ಕುಗ್ಗುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ತೋರಿಸಿದ್ದಾರೆ. ನಮ್ಮ ಎಷ್ಟೋ 'ಸ್ಲೈಡ್'ಗಳು ಮಾಡುವುದು ಇದನ್ನೇ!

ಇನ್ನೊಂದು ಸಂಗತಿ: ಪದವನ್ನು ಬರೆದವರಿಗಿಂತ ಅದರ ಚಿತ್ರ ಗೀಚಿದವರಿಗೆ ನೆನಪು ಹೆಚ್ಚು ಎಂದು ವಾಟರ್ಲೂ ವಿಶ್ವವಿದ್ಯಾಲಯದ 2016ರ ಅಧ್ಯಯನ ಹೇಳಿದೆ. ದಾಸವಾಳದ ಭಾಗಗಳನ್ನು ಬಾಯಿಪಾಠ ಮಾಡುತ್ತಿರುವ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ನೋಡಿ. ಚಿತ್ರ ಸೊಟ್ಟಗಿದ್ದರೂ ಅಡ್ಡಿಯಿಲ್ಲ.