ಮೆಚ್ಚಿನ ಹೋಟೆಲಿಗೆ ಮತ್ತೊಮ್ಮೆ ಹೋದಾಗ

ಬೆಂಗಳೂರಿಗೆ ಹೋದಾಗಲೆಲ್ಲ ಒಮ್ಮೆಯಾದರೂ ಹೋಗಬೇಕೆನಿಸುವ ಹೋಟೆಲೊಂದು ನಿಮಗೂ ಇರಬಹುದು. ನಮಗೆ ಅದೊಂದು ಇಟಾಲಿಯನ್ ಹೋಟೆಲ್. ಮದುವೆಯಾದ ಹೊಸತರಲ್ಲಿ ಅಲ್ಲಿನ ಅಣಬೆಯ ರಿಸೊಟ್ಟೊ, ಅಂದರೆ ಬೆಣ್ಣೆ, ಚೀಸ್ ಹಾಕಿ ಮೆತ್ತಗೆ ಬೇಯಿಸಿದ ಅನ್ನ, ನಮಗೆ ಅಚ್ಚುಮೆಚ್ಚು. ಮಾಂಸ ಹಲಾಲೋ ಅಲ್ಲವೋ ಎಂಬ ಸಂಶಯವಿದ್ದುದರಿಂದ ಸಸ್ಯಾಹಾರವನ್ನೇ ತರಿಸಿ ನೆಮ್ಮದಿಯಿಂದ ತಿನ್ನುತ್ತಿದ್ದೆವು.

ಹಲವು ವರ್ಷಗಳ ಬಳಿಕ ಮಕ್ಕಳೊಂದಿಗೆ ಮತ್ತೆ ಅಲ್ಲಿಗೆ ಹೋದೆವು. ಮೆನು ನೋಡದೆಯೇ ನಾನು ರಿಸೊಟ್ಟೊ ಹೇಳಿದೆ. ಆಗ ಒಂಬತ್ತನೇ ತರಗತಿಯ ಮಗಳು, "ಅಂಕಲ್, ಇದಕ್ಕೆ ವೈನ್ ಹಾಕ್ತೀರಾ?" ಎಂದು ಕೇಳಿಬಿಟ್ಟಳು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನನಗೆ ನಾಚಿಕೆಯಾಯಿತು. "ವೆಜ್ ಅಲ್ವಾ, ಸುಮ್ನಿರು" ಎಂದು ಗದರಿದೆ. ವೇಟರ್ ಒಳಗೆ ಹೋಗಿ ವಿಚಾರಿಸಿ ಬಂದ. "ಹೌದು ಮೇಡಂ, ಅಕ್ಕಿ ಹುರಿದ ಮೇಲೆ ಬಿಳಿ ವೈನ್ ಹಾಕ್ತಾರೆ."

ನಾನೂ ಪತಿಯೂ ಮುಖ ಮುಖ ನೋಡಿಕೊಂಡೆವು.

ಬೇಯುವಾಗ ಅದು ಆವಿಯಾಗುವುದಿಲ್ಲವೇ ಎಂದು ನೀವು ಕೇಳಬಹುದು. ಪೂರ್ತಿ ಆಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಂತೆ, ಅಡುಗೆಗೆ ಬೆರೆಸಿ 15 ನಿಮಿಷ ಕುದಿಸಿದರೂ ಮದ್ಯಸಾರದ ಸುಮಾರು ಶೇ. 40 ಭಾಗ ಉಳಿಯುತ್ತದೆ. ಎರಡೂವರೆ ಗಂಟೆ ಕುದಿಸಿದರೂ ಶೇ. 5ರಷ್ಟು. ರಿಸೊಟ್ಟೊ ಬೇಯುವುದು ಸುಮಾರು 20 ನಿಮಿಷ ಮಾತ್ರ.

ಸಹೋದರಿಯರೇ, 'ವೆಜ್' ಎಂಬ ಮಾತು ಮಾಂಸವಿಲ್ಲವೆಂದು ಹೇಳುತ್ತದೆಯೇ ಹೊರತು ಮದ್ಯವಿಲ್ಲವೆಂದು ಹೇಳುವುದಿಲ್ಲ. ತಿರಾಮಿಸು ಎಂಬ ಸಿಹಿತಿಂಡಿಗೆ ಮರ್ಸಾಲ ವೈನ್ ಅಥವಾ ರಮ್ ಹಾಕುವ ರೂಢಿಯಿದೆ. ಪನ್ನಾ ಕೊಟ್ಟಾ ಗಟ್ಟಿಯಾಗುವುದು ಜೆಲಟಿನ್‌ನಿಂದ. ಅದು ಯಾವ ಪ್ರಾಣಿಯದೆಂದು ಕೇಳಬೇಕು. ಕಾರ್ಬೊನಾರದಲ್ಲಿ ಮೂಲತಃ ಹಂದಿಮಾಂಸವಿರುತ್ತದೆ. ಇಟಲಿಯ ಪಾರ್ಮಿಜಾನೊ ಚೀಸ್‌ಗೆ ಕರುವಿನ ಜಠರದಿಂದ ತೆಗೆದ ಹೆಪ್ಪು ಬಳಸುತ್ತಾರೆ. ಇದರ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ನೀವು ನಂಬುವ ವಿದ್ವಾಂಸರನ್ನು ಕೇಳಿ ತಿಳಿಯಿರಿ.

ಹಾಗೆಂದು ಇಟಲಿಯ ಊಟವೇ ನಮಗೆ ಸಲ್ಲದೆಂದಲ್ಲ. ಸಿಸಿಲಿ ದ್ವೀಪವನ್ನು ಒಂದು ಕಾಲದಲ್ಲಿ ಮುಸ್ಲಿಮರು ಆಳಿದ್ದರು. ಭೂಗೋಳ ಶಾಸ್ತ್ರಜ್ಞ ಅಲ್ ಇದ್ರೀಸಿ 1154ರಲ್ಲಿ ಮುಗಿಸಿದ ತಮ್ಮ ಗ್ರಂಥದಲ್ಲಿ, ಸಿಸಿಲಿಯ ಟ್ರಾಬಿಯಾ ಎಂಬಲ್ಲಿ 'ಇತ್ರಿಯ್ಯ' ಎಂಬ ಒಣ ಶಾವಿಗೆ ತಯಾರಾಗಿ ಮುಸ್ಲಿಮ್ ಮತ್ತು ಕ್ರೈಸ್ತ ನಾಡುಗಳಿಗೆ ಹಡಗಿನಲ್ಲಿ ಹೋಗುತ್ತಿತ್ತೆಂದು ದಾಖಲಿಸಿದ್ದಾರೆ. ಈದ್‌ನಂದು ಶಾವಿಗೆ ಬೇಯಿಸುವ ನಮಗೆ ಪಾಸ್ತಾ ಅಷ್ಟೇನೂ ಪರಕೀಯವಲ್ಲ!

ಆ ದಿನ ಅಡುಗೆಯವರೇ ಹೊರಗೆ ಬಂದು, "ಬೇರೆ ಪಾತ್ರೆಯಲ್ಲಿ ವೈನ್ ಇಲ್ಲದೆ ಮಾಡಿಕೊಡುತ್ತೇನೆ" ಎಂದರು. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನ ಅರ್ರಾಬಿಯಾಟಾ ಪಾಸ್ತಾ ಬಂತು. ಕೇಳಿದ್ದಕ್ಕೆ ಯಾರೂ ಬೇಸರಿಸಲಿಲ್ಲ. ಇಷ್ಟು ವರ್ಷ ನಾವೇ ಕೇಳಿರಲಿಲ್ಲ, ಅಷ್ಟೆ.

ಸಂಶಯವಿರುವುದರಿಂದ ದೂರವಿರಲು ಪ್ರವಾದಿ(ಸ) ಕಲಿಸಿದ್ದಾರೆ. ಅರಿಯದೆ ಆದುದನ್ನು ಅಲ್ಲಾಹನು ಕ್ಷಮಿಸಲಿ. ಆದರೆ ನಾಚಿಕೆಯಿಂದ ಕೇಳದೆ ಉಳಿದರೆ ಅದನ್ನು ಅರಿಯದೆ ಆದುದೆನ್ನಲಾದೀತೇ? ಮನೆಗೆ ಬರುವಾಗ ಮಗಳ ಕೈ ಹಿಡಿದು, "ನಿನ್ನನ್ನು ಗದರಿದ್ದು ನನ್ನ ತಪ್ಪು" ಎಂದೆ. ಆ ಹೋಟೆಲಿಗೆ ಇನ್‌ಶಾ ಅಲ್ಲಾಹ್ ಮತ್ತೆ ಹೋಗುತ್ತೇವೆ. ಈ ಸಲ ನಾನೇ ಕೇಳುತ್ತೇನೆ. ನೀವೂ ಕೇಳುವಿರಲ್ಲವೇ?